ಆಧಾರ ಬೇಕು

೩ ಫೆಬ್ರವರಿ

ಅಮ್ಮ,

ಮಂಡಿ ನೋವು ಹೇಗಿದೆ ಎಂದು ಮೊದಲೇ ಕೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಗೆ ಮರೆತುಹೋಗುತ್ತದೆ. ಇಲ್ಲಿ ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳ ಕಟ್ಟುಗಳು ಬಂದಿವೆ. ಮಂಚದ ಮೇಲೂ ಕುರ್ಚಿಯ ಮೇಲೂ ಅವೇ ಕೂತಿವೆ, ನಾನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಇಪ್ಪತ್ತೆಂಟು ವರ್ಷ ಟೆಲಿಫೋನು ಆಪರೇಟರಾಗಿ ಬೋರ್ಡಿನ ಮುಂದೆ ಕೂತು ಊರಿನವರ ಮಾತೆಲ್ಲ ಕಿವಿಗೆ ಹಾಕಿಕೊಂಡದ್ದು ಸಾಕು ಎಂದು ನೀನು ಫೋನು ಮುಟ್ಟುವುದಿಲ್ಲ. ಹಾಗಾಗಿ ನಮ್ಮ ಕಾಲೇಜಿನಲ್ಲಿ ಅಂಚೆಚೀಟಿ ಕೊಳ್ಳುವ ಕೊನೆಯವಳಾಗಿ ಉಳಿದಿದ್ದೇನೆ.

ಇವತ್ತು ಬರೆಯುತ್ತಿರುವುದು ಪ್ರಬಂಧದ ಕೆಲಸಕ್ಕೆ. ನಾಲ್ಕನೆಯ ಅಧ್ಯಾಯ ಜಲಾಶಯದ ಏರಿ ಒಡೆದ ದಿನದ್ದು. ನೀನು ಮದುವೆಗೆ ಮುಂಚೆ ಕೆಲಸಕ್ಕಿದ್ದ ಊರಿನದೇ. ಆ ಅಧ್ಯಾಯ ಪೂರ್ತಿ ನಿಂತಿರುವುದು ಒಂದು ವಾಕ್ಯದ ಮೇಲೆ: ‘ಕರ್ತವ್ಯದಲ್ಲಿದ್ದ ಆಪರೇಟರ್ ನೀರು ಮೆಟ್ಟಿಲಿಗೆ ಬರುವವರೆಗೂ ಬೋರ್ಡು ಬಿಟ್ಟು ಏಳಲಿಲ್ಲ; ಪಟ್ಟಿಯಲ್ಲಿದ್ದ ಇಪ್ಪತ್ತಮೂರು ಕಡೆಗೂ ಕರೆ ಮಾಡಿ ಎಚ್ಚರಿಸಿದಳು.’ ಇದು ಮೂರು ಪುಸ್ತಕಗಳಲ್ಲಿದೆ. ಮೂರರಲ್ಲೂ ಇದ್ದ ಮೇಲೆ ನಿಜವೇ ಇರಬೇಕು ಎಂದುಕೊಂಡು ಅರವತ್ತು ಪುಟ ಬರೆದೆ. ಮಾರ್ಗದರ್ಶಕಿ ಓದಿ, ಅಡಿಟಿಪ್ಪಣಿಯ ಮೇಲೆ ಪೆನ್ನಿಟ್ಟು, "ಇದನ್ನ ಎಲ್ಲಕ್ಕಿಂತ ಮೊದಲು ಹೇಳಿದವರು ಯಾರು?" ಅಂದರು.

ಹುಡುಕುತ್ತಾ ಹೋದೆ. ಮೂರೂ ಪುಸ್ತಕಗಳು ಆಧಾರವಾಗಿ ಕೊಟ್ಟಿರುವುದು ಒಂದೇ ಲೇಖನವನ್ನು. ಆ ಲೇಖನ ನನ್ನದು. ಐದು ವರ್ಷದ ಹಿಂದೆ ಬರೆದದ್ದು, ನಿನಗೂ ಗೊತ್ತು. ಅದರಲ್ಲಿ ನಾನು ಕೊಟ್ಟಿರುವ ಆಧಾರ, ದುರಂತದ ನಲವತ್ತನೆಯ ವರ್ಷಕ್ಕೆ ಆ ಊರಿನವರು ಅಚ್ಚು ಹಾಕಿಸಿದ ನೆನಪಿನ ಸಂಚಿಕೆ. ಆ ಸಂಚಿಕೆಯಲ್ಲಿ ಯಾವ ಆಧಾರವೂ ಇಲ್ಲ.

ಆಗ ನಿನ್ನನ್ನು ಒಂದು ಸಲ ಕೇಳಿದ್ದೆ. ನೀನು, ಆವತ್ತು ಯಾರ ಪಾಳಿಯೋ ಏನೋ ಅಂದಿದ್ದೆ. ನಾನೂ ಸುಮ್ಮನಾದೆ. ಈಗ ಮತ್ತೆ ಕೇಳಬೇಕಾಗಿದೆ. ಬೋರ್ಡಿನ ಮುಂದೆ ಇದ್ದದ್ದು ನೀನಾ?

ಉತ್ತರಪತ್ರಿಕೆಗಳ ಮಧ್ಯದಿಂದ,
ನಿನ್ನ ಗುಬ್ಬಿ


೧೬ ಫೆಬ್ರವರಿ

ಗುಬ್ಬಿ,

ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ನೋಯುತ್ತದೆ, ಇಳಿಯುವಾಗ ಇನ್ನೂ ನೋಯುತ್ತದೆ. ಕೆಳಗಿನ ಮನೆ ಹಲ್ಲಿನ ಡಾಕ್ಟರ ಷಾಪಾಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಡ್ರಿಲ್ಲು ಶುರುವಾದರೆ ಒಂದಕ್ಕೆ ನಿಲ್ಲುತ್ತದೆ. ಅಷ್ಟು ಹೊತ್ತೂ ಅವರಿವರ ಹಲ್ಲು ನನ್ನ ತಲೆಯೊಳಗೇ ಇದ್ದ ಹಾಗಿರುತ್ತದೆ. ಡಾಕ್ಟರು ಒಳ್ಳೆಯ ಹುಡುಗಿ. ಏನಾದರೂ ತೊಂದರೆ ಆಗುತ್ತಾ ಅಮ್ಮ ಎಂದು ಬಂದು ಕೇಳಿದಳು. ಇಲ್ಲ ಅಂದೆ.

ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಸರಿಮಾಡಿಸಿದೆ. ನಿಮ್ಮಪ್ಪನ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡಲೇ ಎಂದು ಹೋದ ಸಲ ಕೇಳಿದ್ದೆ, ನೀನು ಉತ್ತರ ಬರೆಯಲಿಲ್ಲ.

ಆ ದಿನ ನನ್ನ ಪಾಳಿಯೇ ಆಗಿತ್ತು. ಪುಸ್ತಕಗಳಲ್ಲಿ ಬಂದಿದೆ ಎಂದ ಮೇಲೆ ನಾನು ಬೇರೆ ಹೇಳುವುದೇನಿದೆ. ಹಳೆಯದು. ನಿನ್ನ ಪ್ರಬಂಧ ಬೇಗ ಮುಗಿಸು, ಹನ್ನೊಂದು ವರ್ಷದಿಂದ ಎಳೆಯುತ್ತಿದ್ದೀಯ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಮ್ಮ


೨ ಮಾರ್ಚ್

ಅಮ್ಮ,

ಕಂಪ್ಯೂಟರನ್ನು ಕೊಡಬೇಡ. ಯಾಕೆಂದು ಹೇಳುತ್ತೇನೆ.

ಆ ನೆನಪಿನ ಸಂಚಿಕೆಯ ವಾಕ್ಯ ಎಲ್ಲಿಂದ ಬಂತು ಎಂದು ಹುಡುಕಿದೆ. ಅಂತರ್ಜಾಲದಲ್ಲಿ ಒಂದು ವಿಶ್ವಕೋಶವಿದೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ನನ್ನ ತರಗತಿಯ ಹುಡುಗಿಯರು ಅದರಿಂದ ಇಳಿಸಿಕೊಂಡು ಬಂದರೆ ನಾನು ಹನ್ನೆರಡು ವರ್ಷದಿಂದ ಕೆಂಪು ಶಾಯಿಯಲ್ಲಿ ‘ಇದು ಆಧಾರವಲ್ಲ’ ಎಂದು ಬರೆಯುತ್ತಾ ಬಂದಿದ್ದೇನೆ. ಅಲ್ಲಿ ಏರಿ ಒಡೆದದ್ದರ ಬಗ್ಗೆಯೂ ಒಂದು ಪುಟವಿದೆ. ಸಂಚಿಕೆಯವರು ಅಲ್ಲಿಂದ ಎತ್ತಿದ್ದಾರೆ, ವಾಕ್ಯದ ನಡುವಿನ ಅರ್ಧವಿರಾಮವನ್ನೂ ಬಿಡದೆ. ಅದೇ ವಾಕ್ಯಕ್ಕೆ ಆ ಪುಟದಲ್ಲಿ ಈಗ ಕೊಟ್ಟಿರುವ ಆಧಾರ ಏನು ಗೊತ್ತೇ, ನನ್ನ ಲೇಖನ. ವಿಶ್ವಕೋಶದವರು ನನ್ನನ್ನು ನೋಡಿ ಹೇಳಿದ್ದು, ನಾನು ಸಂಚಿಕೆ ನೋಡಿ ಹೇಳಿದ್ದು, ಸಂಚಿಕೆಯವರು ವಿಶ್ವಕೋಶ ನೋಡಿ ಹೇಳಿದ್ದು. ಹೊರಗೆ ಯಾರೂ ಇಲ್ಲ.

ಆ ವಿಶ್ವಕೋಶದಲ್ಲಿ ಪ್ರತಿ ತಿದ್ದುಪಡಿಯೂ ಉಳಿದಿರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಹೆಸರಿನವರು ಎಂದು ಹಿಂದಕ್ಕೆ ಹೋಗಿ ನೋಡಬಹುದು. ನೋಡಿದೆ. ಹನ್ನೊಂದು ವರ್ಷದ ಹಿಂದೆ, ಒಂದು ಬುಧವಾರ ಬೆಳಿಗ್ಗೆ, ‘ಅರ್ಧವಿರಾಮ’ ಎಂಬ ಹೆಸರಿನವರು ಆ ವಾಕ್ಯ ಸೇರಿಸಿದ್ದಾರೆ. ಅವರ ಪರಿಚಯದ ಪುಟದಲ್ಲಿ ಇಷ್ಟೇ ಇದೆ: ‘ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಪ್ರೂಫು ತಿದ್ದಿದೆ. ಈಗ ಬಿಟ್ಟಿ ತಿದ್ದುತ್ತೇನೆ.’

ಅಪ್ಪ ಅಲ್ಲಿ ಹದಿನಾಲ್ಕು ಸಾವಿರ ಸಲ ತಿದ್ದಿದ್ದಾರೆ ಅಮ್ಮ. ಹಕ್ಕಿಗಳ ಪುಟ, ಸೇತುವೆಗಳ ಪುಟ, ಎಂದೋ ಸತ್ತ ವೈದ್ಯರ ಪುಟ. ಒಂದು ಒತ್ತಕ್ಷರ ಬಿದ್ದುಹೋಗಿದ್ದರೂ ಹಾಕಿದ್ದಾರೆ. ಹೊಸದಾಗಿ ಏನು ಸೇರಿಸಿದ್ದರೂ ಪುಸ್ತಕದ ಹೆಸರು, ಪುಟದ ಸಂಖ್ಯೆ ಕೊಟ್ಟಿದ್ದಾರೆ. ನಾನು ಮೂರು ದಿನ ಕೂತು ನೋಡಿದೆ. ಆಧಾರವಿಲ್ಲದೆ ಸೇರಿಸಿದ್ದು ಅದೊಂದೇ.

ಚರ್ಚೆಯ ಪುಟದಲ್ಲಿ ‘ಗೂಬೆ’ ಎಂದು ಹೆಸರಿಟ್ಟುಕೊಂಡ ಒಬ್ಬರು ಮೂಲ ಯಾವುದು ಎಂದು ಕೇಳಿದ್ದಾರೆ. ಅಪ್ಪ, ಹತ್ತಿರದಿಂದ ಬಲ್ಲವರು ಹೇಳಿದ್ದು ಎಂದಿದ್ದಾರೆ. ಗೂಬೆಯವರು, ಬಲ್ಲವರ ಮಾತು ಇಲ್ಲಿ ನಡೆಯುವುದಿಲ್ಲ, ಅಚ್ಚಾದದ್ದು ಬೇಕು ಎಂದಿದ್ದಾರೆ. ಅದಕ್ಕೆ ಅಪ್ಪ, ಅಚ್ಚಾದದ್ದರಲ್ಲಿ ಎಷ್ಟು ನಿಜ ಇರುತ್ತದೆ ಎಂದು ನನ್ನಂಥವರನ್ನು ಕೇಳಿ ಎಂದು ಬರೆದು ಸುಮ್ಮನಾಗಿದ್ದಾರೆ. ವಾಕ್ಯದ ಪಕ್ಕದಲ್ಲಿ ‘ಆಧಾರ ಬೇಕು’ ಎಂಬ ಗುರುತು ಆರು ವರ್ಷ ಹಾಗೇ ಇತ್ತು. ನನ್ನ ಲೇಖನ ಬಂದ ಮೇಲೆ ಗೂಬೆಯವರೇ ಅದನ್ನು ಸೇರಿಸಿ ಗುರುತು ತೆಗೆದಿದ್ದಾರೆ.

ನನ್ನ ಆ ಲೇಖನದ ಪ್ರೂಫು ನೋಡಿಕೊಟ್ಟದ್ದು ಅಪ್ಪನೇ. ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ಆ ವಾಕ್ಯವಿರುವ ಪುಟದಲ್ಲಿ ಎರಡು ಅಲ್ಪವಿರಾಮ ತಿದ್ದಿದ್ದಾರೆ. ಬೇರೇನೂ ಬರೆದಿಲ್ಲ.

ಇನ್ನೊಂದು ವಿಷಯ. ಅಪ್ಪ ಬರೆಯುವ ಹಿಂದಿನ ದಿನ ಹೆಸರಿಲ್ಲದ ಯಾರೋ ಅಲ್ಲಿ, ‘ಆಪರೇಟರ್ ಒಂಬತ್ತು ಕರೆ ಮಾಡಿ ಬೋರ್ಡು ಬಿಟ್ಟು ಹೋದಳು. ಬಣ್ಣದ ಕಾರ್ಖಾನೆಗೆ ಕರೆ ಹೋಗಲಿಲ್ಲ’ ಎಂದು ಬರೆದಿದ್ದಾರೆ. ಹದಿನೇಳು ಜನ ಸತ್ತದ್ದು ಅದೇ ಕಾರ್ಖಾನೆಯಲ್ಲಿ. ಅಪ್ಪ ಆಧಾರವಿಲ್ಲ ಎಂದು ಕಾರಣ ಕೊಟ್ಟು ಅದನ್ನು ತೆಗೆದು ತಮ್ಮದನ್ನು ಹಾಕಿದ್ದಾರೆ. ಯಾರೋ ನಿನ್ನ ಮೇಲೆ ಕೆಸರೆರಚಿದರು, ಅಪ್ಪನಿಗೆ ತಡೆಯಲಾಗಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ಸರಿಯಾ? ಎಲ್ಲ ಹಾಳೆಗಳನ್ನೂ ಜೊತೆಗಿಟ್ಟಿದ್ದೇನೆ.

ನಿನ್ನ ಗುಬ್ಬಿ


೯ ಏಪ್ರಿಲ್

ಗುಬ್ಬಿ,

ಹಾಳೆಗಳು ಬಂದವು. ಕನ್ನಡಕದ ಕಡ್ಡಿ ಮುರಿದಿತ್ತು, ಅದಕ್ಕೇ ತಡ.

ನಿಮ್ಮಪ್ಪ ಬರೆದದ್ದು ನನಗೆ ಗೊತ್ತಿತ್ತು. ಅದನ್ನು ತೆಗೆಯಬೇಡ. ಅವರು ಇದ್ದಾಗ ನಾವು ಅದರ ಬಗ್ಗೆ ಮಾತಾಡಿದವರಲ್ಲ, ಈಗ ಅವರಿಲ್ಲದಾಗ ಮಾತಾಡುವುದು ಸರಿ ಅನಿಸುವುದಿಲ್ಲ.

ಹೆಸರು ಹಾಕದೆ ಬರೆದವರ ಮೇಲೆ ನೀನು ಸಿಟ್ಟಾಗಬೇಡ.

ಹಲ್ಲಿನ ಡಾಕ್ಟರು ಒಂದು ವಾರ ರಜೆ. ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದರೆ ಗಡಿಯಾರ ನಿಂತಿದೆಯೇನೋ ಎಂದು ಎರಡು ಸಲ ಎದ್ದು ನೋಡಿದೆ.

ಅಮ್ಮ


೨೧ ಮೇ

ಅಮ್ಮ,

ನೀನು ಬೇಡ ಅಂದೆ, ನಾನು ಹೋದೆ. ಮಾರ್ಗದರ್ಶಕಿಗೆ ಉತ್ತರ ಕೊಡಲೇಬೇಕಿತ್ತು.

ಟೆಲಿಫೋನು ಇಲಾಖೆಯ ಹಳೆಯ ಕಡತಗಳು ಒಂದು ಉಗ್ರಾಣದ ನೆಲಮಾಳಿಗೆಯಲ್ಲಿವೆ. ಅಲ್ಲಿನ ಗುಮಾಸ್ತರು, ಹತ್ತು ವರ್ಷದಲ್ಲಿ ಈ ಕೋಣೆಗೆ ಬಂದ ಎರಡನೆಯವರು ನೀವು ಅಂದರು. ಮೊದಲನೆಯವರು ದಾರಿ ತಪ್ಪಿ ಬಂದವರಂತೆ. ಹನ್ನೊಂದು ದಿನ ಹುಡುಕಿದೆ. ಕೈ, ಮೂಗು, ಕಾಫಿ ಲೋಟ ಎಲ್ಲ ಧೂಳಾಯಿತು. ಹನ್ನೆರಡನೆಯ ದಿನ ವಿಚಾರಣೆಯ ಕಡತ ಸಿಕ್ಕಿತು.

ಆ ದಿನದ ಕರೆಗಳ ಚೀಟಿಗಳು ಒಂಬತ್ತೇ ಇವೆ. ಕೊನೆಯದು ಎರಡು ಮೂವತ್ತೆಂಟಕ್ಕೆ. ನೀರು ಪೇಟೆಗೆ ಬಂದದ್ದು ಮೂರು ಗಂಟೆ ಐದು ನಿಮಿಷಕ್ಕೆ. ಅಂದರೆ ಹೆಸರಿಲ್ಲದವರು ಬರೆದದ್ದೇ ಸರಿ, ಅಪ್ಪ ಬರೆದದ್ದು ತಪ್ಪು.

ಆದರೆ ಮುಂದಿನ ಹಾಳೆಯನ್ನೂ ಓದಿದೆ. ನಿನ್ನ ಹೇಳಿಕೆ. ಕೆಳಗೆ ನಿನ್ನ ರುಜು, ಈಗಿನದಕ್ಕಿಂತ ದುಂಡಗಿದೆ. ‘ತೀವ್ರ ಅಸ್ವಸ್ಥತೆಯಿಂದಾಗಿ ಆಪರೇಟರ್ ಎರಡು ನಲವತ್ತಕ್ಕೆ ಸ್ಥಳ ಬಿಡಬೇಕಾಯಿತು’ ಎಂದು ಅಧಿಕಾರಿ ದಾಖಲಿಸಿದ್ದಾರೆ. ಅದನ್ನು ಓದಿ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತೆ. ಮೈಗೆ ಹುಷಾರಿಲ್ಲದಿದ್ದರೆ ಯಾರಿಗೆ ತಾನೇ ಏನು ಮಾಡಲು ಆಗುತ್ತದೆ. ಇಷ್ಟಕ್ಕೆ ನೀವಿಬ್ಬರೂ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದಿರಾ ಅನಿಸಿತು.

ಈಗ ನನ್ನ ಹತ್ತಿರ ನಿಜವಾದ ಮೂಲ ಇದೆ, ಸರ್ಕಾರಿ ಮೊಹರಿರುವುದು. ಅಧ್ಯಾಯದಲ್ಲಿ ಇದನ್ನೇ ಬರೆಯುತ್ತೇನೆ. ‘ಅಸ್ವಸ್ಥತೆಯ ನಡುವೆಯೂ ಒಂಬತ್ತು ಕರೆ’ ಎಂದು ಬರೆದರೆ ನಿನ್ನ ಬಗ್ಗೆ ಯಾರೂ ಒಂದು ಮಾತು ಆಡಲಾರರು. ಅಪ್ಪನ ವಾಕ್ಯವನ್ನು ಹಾಗೆ ಬದಲಿಸಿದರೆ ಅಪ್ಪನಿಗೂ ಬೇಸರವಾಗುತ್ತಿರಲಿಲ್ಲ.

ನಿನ್ನ ಗುಬ್ಬಿ


೩೦ ಮೇ

ಗುಬ್ಬಿ,

ಹಾಗೆ ಬರೆಯಬೇಡ. ನನಗೆ ಹುಷಾರು ತಪ್ಪಿರಲಿಲ್ಲ.

ನಾನು ನೇರವಾಗಿ ಹೇಳಿಬಿಡುತ್ತೇನೆ. ಎರಡು ಇಪ್ಪತ್ತಕ್ಕೆ ಜಲಾಶಯದ ಕಾವಲುಗಾರನ ಸಾಲಿನ ಮುಚ್ಚಳ ಬಿತ್ತು. ಆಗಿನ ಬೋರ್ಡಿನಲ್ಲಿ ಯಾರಾದರೂ ಕರೆದರೆ ಅವರ ಸಂಖ್ಯೆಯ ಮೇಲಿನ ಪುಟ್ಟ ಮುಚ್ಚಳ ಟಕ್ಕೆಂದು ಕೆಳಗೆ ಬೀಳುತ್ತಿತ್ತು. "ಏರಿ ಬಿರುಕು ಬಿಟ್ಟಿದೆ ಕಣಮ್ಮ, ಊರಿಗೆ ಹೇಳು" ಅಂದ. ಮತ್ತೇನೂ ಕೇಳಲು ಬಿಡದೆ ಇಟ್ಟುಬಿಟ್ಟ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಇಪ್ಪತ್ತಮೂರು ಸಂಖ್ಯೆಗಳಿದ್ದವು. ಪೊಲೀಸ್ ಠಾಣೆ, ಆಸ್ಪತ್ರೆ, ಶಾಲೆ, ಹೀಗೆ ಇಳಿಯುತ್ತಾ ಬಂದೆ. ಆಸ್ಪತ್ರೆಯವರು ಮೂರು ಸಲ ಹೇಳಿಸಿಕೊಂಡರು. ಒಂಬತ್ತು ಆಯಿತು. ಹತ್ತನೆಯದು ಬಣ್ಣದ ಕಾರ್ಖಾನೆ. ಅವರ ಸಾಲಿಗೆ ಚುಚ್ಚಬೇಕಾದ ಪ್ಲಗ್ಗು ಕೈಯಲ್ಲಿತ್ತು.

ಮೂರು ಬೀದಿ ಕೆಳಗೆ ನಮ್ಮ ಮನೆ. ನಮಗೆ ಫೋನಿರಲಿಲ್ಲ. ನಿಮ್ಮ ದೊಡ್ಡಮ್ಮ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ, ಅವಳ ಎಡಗಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ, ಗೋಡೆ ಹಿಡಿದುಕೊಂಡೇ ನಡೆಯಬೇಕು. ಅಪ್ಪ ಅಮ್ಮ ಹೋದ ಮೇಲೆ ನನಗೆ ಅವಳು, ಅವಳಿಗೆ ನಾನು. ನನಗೆ ಇಪ್ಪತ್ತೆರಡು ವರ್ಷ. ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ಲಗ್ಗು ಕೆಳಗಿಟ್ಟೆ. ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಹಾಕಿದೆ. ಹೊರಡುವಾಗ ಬೋರ್ಡಿನ ತುಂಬ ಮುಚ್ಚಳಗಳು ಬೀಳುತ್ತಿದ್ದವು. ಸುದ್ದಿ ಕೇಳಿದವರು ಮತ್ತೆ ಕರೆಯುತ್ತಿದ್ದರು.

ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಗುಡ್ಡದ ಮೇಲಿನ ಶಾಲೆಯ ಮೆಟ್ಟಿಲು ಮುಟ್ಟಿದಾಗ ಎರಡು ಐವತ್ತಾಗಿತ್ತು. ಶಾಲೆಯ ಗಡಿಯಾರ ಕಾಣಿಸುತ್ತಿತ್ತು. ಆಮೇಲೆ ಹದಿನೈದು ನಿಮಿಷ ಏನೂ ಆಗಲಿಲ್ಲ. ನಾವು ಅಲ್ಲಿ ಸುಮ್ಮನೆ ನಿಂತಿದ್ದೆವು. ಒಂದು ಕರೆಗೆ ಒಂದು ನಿಮಿಷ ಸಾಕು. ಸಮಯ ಇತ್ತು ಎಂಬುದು ಮುಗಿದ ಮೇಲೆ ತಾನೇ ಗೊತ್ತಾಗುವುದು.

ವಿಚಾರಣೆಯ ಅಧಿಕಾರಿ ವಯಸ್ಸಾದವರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟರು. ಆಮೇಲೆ ತಮಗೆ ಬೇಕಾದ ಹಾಗೆ ಬರೆದು, "ರುಜು ಹಾಕಮ್ಮ, ನಿನಗೆ ಇನ್ನೂ ಬಾಳು ಇದೆ" ಅಂದರು. ಹಾಕಿದೆ. ಬೇರೆ ಊರಿಗೆ ವರ್ಗ ಮಾಡಿದರು. ನಿನ್ನ ಸರ್ಕಾರಿ ಮೊಹರಿನ ಕೆಳಗೆ ಇರುವುದು ಅಷ್ಟೇ, ಒಬ್ಬರ ಕನಿಕರ.

ನಿಮ್ಮಪ್ಪ ನೋಡಲು ಬಂದಾಗ ಮೊದಲ ದಿನವೇ ಎಲ್ಲ ಹೇಳಿದ್ದೆ. ಅಕ್ಕನೂ ನಮ್ಮ ಜೊತೆಗೇ ಇರಲಿ ಅಂದರು, ಅಷ್ಟೇ.

ಹನ್ನೊಂದು ವರ್ಷದ ಹಿಂದೆ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಕಂಪ್ಯೂಟರು ಹಾಗೇ ಉರಿಯುತ್ತಿತ್ತು, ಆ ಪುಟ ತೆರೆದಿತ್ತು. ಏರಿ, ಮಳೆ, ಎಂಜಿನಿಯರು ಎಲ್ಲದರ ಬಗ್ಗೆಯೂ ಇತ್ತು. ಬಣ್ಣದ ಕಾರ್ಖಾನೆಗೆ ಸುದ್ದಿ ಏಕೆ ಮುಟ್ಟಲಿಲ್ಲ ಎಂದು ತಿಳಿದಿಲ್ಲ ಎಂದೂ ಇತ್ತು. ಕುರ್ಚಿಯ ಮೇಲೆ ಕೂತೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಎರಡು ಸಾಲು ಬರೆದೆ. ಹೆಸರು ಕೇಳಿತು, ಹಾಕಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ತಿಳಿದಿಲ್ಲ ಎಂದು ಇದ್ದದ್ದು ನನಗೆ ತಿಳಿದಿತ್ತು, ಅದಕ್ಕೇ ಬರೆದೆ. ಬರೆದಾದ ಮೇಲೆ ಎದ್ದು ಬಟ್ಟೆ ಒಣಹಾಕಿದೆ.

ಮಾರನೆಯ ದಿನ ಅವರು ಪೇಪರು ತರಲು ಹೋದಾಗ ನೋಡಿದೆ. ನನ್ನ ಸಾಲು ಇರಲಿಲ್ಲ. ನೀನು ಓದಿದ ಸಾಲು ಇತ್ತು. ಅವರು ವಾಪಸು ಬಂದರು, ತಿಂಡಿ ತಿಂದೆವು. ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮೇಲೆ ಎಂಟು ವರ್ಷ ಅವರು ಬದುಕಿದ್ದರು. ಆ ಎಂಟು ವರ್ಷವೂ ಕೇಳಲಿಲ್ಲ.

ನೀನು ಏನು ಬರೆಯಬೇಕೋ ಬರೆ. ಹುಷಾರಿಲ್ಲದೆ ಹೋದೆ ಎಂದು ಮಾತ್ರ ಬರೆಯಬೇಡ.

ಅಮ್ಮ


೧೪ ಸೆಪ್ಟೆಂಬರ್

ಅಮ್ಮ,

ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಪತ್ರ ಇನ್ನೊಂದು ಸಲ ಓದಿ ಎದ್ದುಬಿಡುತ್ತಿದ್ದೆ. ನನಗೆ ಸಿಟ್ಟು ಬರಬೇಕಿತ್ತೇನೋ, ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ತರಗತಿಗೆ ಹೋದೆ, ಪಾಠ ಮಾಡಿದೆ, ಹಾಜರಿ ತೆಗೆದುಕೊಂಡೆ. ಒಂದು ದಿನ ದೊಡ್ಡಮ್ಮ ಇಲ್ಲದ ನಮ್ಮ ಮನೆ ಹೇಗಿರುತ್ತಿತ್ತು ಎಂದು ಊಹಿಸಲು ನೋಡಿದೆ. ನನಗೆ ಅಕ್ಷರ ತಿದ್ದಿಸಿದವಳು, ಜಡೆ ಹಾಕಿದವಳು. ಊಹಿಸಲು ಆಗಲಿಲ್ಲ. ಆಮೇಲೆ ಆ ಹದಿನೇಳು ಮನೆಗಳನ್ನು ಊಹಿಸಲು ನೋಡಿದೆ. ಅದೂ ಆಗಲಿಲ್ಲ.

ಕೊನೆಗೆ ಪತ್ರವನ್ನು ಮಾರ್ಗದರ್ಶಕಿಯ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು. ತಾಯಿಯ ಪತ್ರವನ್ನು ಮಗಳು ಆಧಾರವಾಗಿ ಕೊಡಬಹುದೇ ಎಂದು ಕೇಳಿದೆ.

"ಕೊಡಬಹುದು. ಕಡತದ ಪಕ್ಕದಲ್ಲೇ ಇಡಿ, ಎರಡೂ ಯಾಕೆ ಬೇರೆ ಬೇರೆ ಹೇಳ್ತವೆ ಅಂತ ಬರೀರಿ. ಆದರೆ ಅವರು ನಿಮ್ಮ ತಾಯಿ ಅನ್ನೋದನ್ನ ಅಡಿಟಿಪ್ಪಣಿಯಲ್ಲಿ ಮುಚ್ಚಿಡಬೇಡಿ" ಅಂದರು.

ನೀನು ಬರೆ ಅಂದಿದ್ದೆ, ಬರೆದೆ. ಅಡಿಟಿಪ್ಪಣಿಯಲ್ಲಿ ‘ಲೇಖಕಿಯ ತಾಯಿ’ ಎಂದಿದೆ. ನನ್ನ ಹಳೆಯ ಲೇಖನ ತಪ್ಪು ಎಂದು ಅದೇ ಪತ್ರಿಕೆಯಲ್ಲಿ ಎರಡು ಪುಟದ ತಿದ್ದುಪಡಿ ಹಾಕಿಸಿದ್ದೇನೆ, ಹೋದ ತಿಂಗಳು ಬಂತು, ಪ್ರತಿ ಜೊತೆಗಿದೆ. ಅಧ್ಯಾಯ ಅರವತ್ತು ಪುಟದಿಂದ ಇಪ್ಪತ್ತೆರಡಕ್ಕೆ ಇಳಿದಿದೆ. ಪ್ರಬಂಧ ಒಪ್ಪಿಸುವುದು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಸಹೋದ್ಯೋಗಿಯೊಬ್ಬರು, ಇಷ್ಟಕ್ಕೆಲ್ಲ ಯಾರು ಮೂಲ ಹುಡುಕುತ್ತಾರೆ, ಬಿಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಅಂದರು. ಹೌದು, ಗೊತ್ತಾಗುತ್ತಿರಲಿಲ್ಲ.

ವಿಶ್ವಕೋಶದ ಪುಟವೂ ಬದಲಾಗಿದೆ. ಅಪ್ಪನ ವಾಕ್ಯ ತೆಗೆದವಳು ನಾನಲ್ಲ. ಸ್ವಂತದವರ ವಿಷಯವನ್ನು ಸ್ವಂತದವರೇ ತಿದ್ದಬಾರದು ಎಂದು ಅಲ್ಲಿ ನಿಯಮವಿದೆ. ತಿದ್ದುಪಡಿಯ ಲೇಖನ ತೋರಿಸಿ ಚರ್ಚೆಯ ಪುಟದಲ್ಲಿ ಬರೆದೆ. ಐದು ದಿನದ ಮೇಲೆ ಗೂಬೆಯವರು ಬದಲಿಸಿದರು. ಈಗ ಅಲ್ಲಿರುವುದು ಹೆಚ್ಚೂ ಕಡಿಮೆ ನೀನು ಬರೆದ ಎರಡು ಸಾಲೇ. ಅದು ನಿಜವಾಗಿದ್ದಾಗ ಒಂದು ದಿನವೂ ಉಳಿಯಲಿಲ್ಲ. ಈಗ ಅಚ್ಚಾಗಿದೆ, ಉಳಿಯುತ್ತದೆ. ಎಲ್ಲಿ ನೋಡಬೇಕು, ಹಿಂದಿನದನ್ನು ಹೇಗೆ ನೋಡಬೇಕು ಎಂದು ಈ ಹಾಳೆಯ ಹಿಂದೆ ಬರೆದಿದ್ದೇನೆ. ಬೇಕೆನಿಸಿದರೆ ಕಂಪ್ಯೂಟರು ಹಚ್ಚು.

ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ನನ್ನನ್ನು ಕೇಳಬೇಡ.

ನಿನ್ನ ಗುಬ್ಬಿ


೬ ನವೆಂಬರ್

ಗುಬ್ಬಿ,

ಕಂಪ್ಯೂಟರು ಹಚ್ಚಿದೆ. ಹಲ್ಲಿನ ಡಾಕ್ಟರು ಮಧ್ಯಾಹ್ನದ ಬಿಡುವಿನಲ್ಲಿ ಮೇಲೆ ಬಂದು ತಂತಿ ಸರಿಮಾಡಿಕೊಟ್ಟಳು. ಪುಟ ಓದಿದೆ. ಚರ್ಚೆಯ ಪುಟವನ್ನೂ ನೋಡಿದೆ. ಅಲ್ಲಿ ಅಕ್ಟೋಬರಿನಲ್ಲಿ ಒಬ್ಬರು ಬರೆದಿದ್ದರು: ‘ಬಣ್ಣದ ಕಾರ್ಖಾನೆಗೆ ಕರೆಯೇ ಹೋಗಲಿಲ್ಲ ಎಂದು ಈಗ ಬರೆದಿದ್ದೀರಿ. ಇದು ನಿಜವೇ? ನಿಜ ಎಂದು ಯಾರು ಹೇಳುತ್ತಾರೆ?’ ಗೂಬೆಯವರು ನಿನ್ನ ಲೇಖನದ ಹೆಸರು, ಪುಟದ ಸಂಖ್ಯೆ ಕೊಟ್ಟಿದ್ದರು. ಆತ ಮತ್ತೆ, ಲೇಖನ ಬೇಡ, ಮನುಷ್ಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದ. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ನಾನು ಬರೆದೆ. ಈ ಸಲ ನನ್ನ ಹೆಸರು ಹಾಕಿದೆ. ‘ನಾನು ಹೇಳುತ್ತೇನೆ. ಆ ಆಪರೇಟರ್ ನಾನು. ಬಣ್ಣದ ಕಾರ್ಖಾನೆಗೆ ನಾನು ಕರೆ ಮಾಡಲಿಲ್ಲ.’

ನಾಲ್ಕು ದಿನದ ಮೇಲೆ ಆತ ಉತ್ತರ ಬರೆದ. ಅದನ್ನು ಇದ್ದ ಹಾಗೇ ಇಳಿಸಿಕೊಂಡಿದ್ದೇನೆ, ಓದು.

‘ಅಮ್ಮ, ಕಾರ್ಖಾನೆಯಲ್ಲಿ ಫೋನು ಎತ್ತುವ ಕೆಲಸ ನಮ್ಮ ತಂದೆಯದು. ಗುಮಾಸ್ತರಾಗಿದ್ದರು. ಅವರೂ ಅಲ್ಲೇ ಹೋದರು, ಆಗ ನನಗೆ ಎರಡು ವರ್ಷ. ಆರು ವರ್ಷದ ಹಿಂದಿನವರೆಗೆ ಯಾರೂ ಏನೂ ಅಂದಿರಲಿಲ್ಲ. ನೆನಪಿನ ಸಂಚಿಕೆಯಲ್ಲಿ ಆಪರೇಟರ್ ಎಲ್ಲ ಕಡೆಗೂ ಕರೆ ಮಾಡಿದಳು ಎಂದು ಬಂತು. ಮುಂದಿನ ವರ್ಷ ಒಂದು ಲೇಖನದಲ್ಲಿ, ಕಾರ್ಖಾನೆಯವರು ಕರೆಗೆ ಉತ್ತರಿಸಲಿಲ್ಲ ಎಂದೇ ಭಾವಿಸಬೇಕಾಗುತ್ತದೆ ಎಂದು ಬಂತು. ಆಮೇಲೆ ಜನ ಕೇಳತೊಡಗಿದರು, ಹಾಗಾದರೆ ನಿಮ್ಮಪ್ಪ ಫೋನು ಯಾಕೆ ಎತ್ತಲಿಲ್ಲ ಎಂದು. ನಮ್ಮಮ್ಮ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಕೊನೆಕೊನೆಗೆ ಅವರೂ ಅದನ್ನೇ ಕೇಳುತ್ತಿದ್ದರು. ಈಗ ತಿಳಿಯಿತು. ತಿಳಿಸಿದ್ದಕ್ಕೆ ನಮಸ್ಕಾರ.’

ಆ ಲೇಖನ ಯಾರದು ಎಂದು ಆತ ಬರೆದಿಲ್ಲ, ಆತನಿಗೆ ನೆನಪಿರಲಿಕ್ಕಿಲ್ಲ. ನಿಮ್ಮಪ್ಪನ ಬೀರುವಿನಿಂದ ನಿನ್ನದನ್ನು ತೆಗೆದು ನೋಡಿದೆ. ಆ ಸಾಲು ಮೂರನೆಯ ಪುಟದಲ್ಲಿದೆ. ನಿನ್ನ ಎರಡು ಪುಟದ ತಿದ್ದುಪಡಿಯನ್ನೂ ಓದಿದೆ. ಅದರಲ್ಲಿ ಆಪರೇಟರ್ ವಿಷಯ ಸರಿಮಾಡಿದ್ದೀಯ. ಈ ಸಾಲಿನ ಮಾತೇ ಇಲ್ಲ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ನಾನು ಪ್ಲಗ್ಗು ಕೆಳಗಿಟ್ಟೆ, ನಿಮ್ಮಪ್ಪ ನನ್ನ ಮುಖ ನೋಡಿ ಒಂದು ಸಾಲು ಬರೆದರು, ನೀನು ಅದನ್ನು ನಂಬಿ ಇನ್ನೊಂದು ಸಾಲು ಬರೆದೆ. ಅಲ್ಲಿ ಒಬ್ಬಳು ಹೆಂಗಸು ತನ್ನ ಗಂಡ ಫೋನು ಎತ್ತಲಿಲ್ಲವೇಕೆ ಎಂದು ಕೇಳಿಕೊಳ್ಳುತ್ತಲೇ ಹೋದಳು.

ಆತನ ವಿಳಾಸ ಕೇಳಿದೆ. ಎರಡು ದಿನದ ಮೇಲೆ ಕೊಟ್ಟ, ಮನೆಯಲ್ಲಿ ಶನಿವಾರ ಇರುತ್ತೇನೆ ಎಂದೂ ಬರೆದ. ನಲವತ್ತಾರು ವರ್ಷದ ಮೇಲೆ ಆ ಊರಿಗೆ ಹೋಗುತ್ತಿದ್ದೇನೆ. ಅಲ್ಲಿ ಹೋಗಿ ಏನು ಹೇಳಬೇಕೋ ಗೊತ್ತಿಲ್ಲ. ಹೇಳುವುದು ಇಲ್ಲದಿದ್ದರೂ ಆತ ಕೇಳುವುದು ಇರಬಹುದು. ಒಬ್ಬಳೇ ಹೋಗೋಣವೆಂದಿದ್ದೆ. ನಿನ್ನ ಮೂರನೆಯ ಪುಟ ನೋಡಿದ ಮೇಲೆ ಹಾಗೆ ಅನಿಸಲಿಲ್ಲ.

ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಏಳೂವರೆಗೆ ಬಸ್ಸು. ನಿಲ್ದಾಣದಲ್ಲಿ ಟಿಕೆಟ್ಟು ಕೊಡುವ ಕಿಟಕಿಯ ಹತ್ತಿರ ನಿಂತಿರುತ್ತೇನೆ. ನೀನೂ ಬಾ.

ಅಮ್ಮ